ಹಳೆಯ ಆಲ್ಟೊಗೆ ರಿವರ್ಸ್ ಕ್ಯಾಮೆರಾ: ಯಾವುದು ತರಲಿ, ವಯರ್ ಹೇಗೆ ಎಳೆಯಲಿ?

ನೀರ್ಚಾಲು ತೋಟದವ

ಎಲ್ಲರಿಗೂ ನಮಸ್ಕಾರ. ನಮ್ಮಲ್ಲಿ 2010ರ ಆಲ್ಟೊ ಉಂಟು. ಹೆಚ್ಚಾಗಿ ಓಡಿಸುವುದು ಅಪ್ಪ. ಬದಿಯಡ್ಕ ಪೇಟೆ, ಬ್ಯಾಂಕು, ಮದುವೆ, ಉಪನಯನ, ಅಷ್ಟೇ ಓಡಾಟ. ಎಂಜಿನ್ ಚೆನ್ನಾಗಿದೆ, ಮಾರುವ ಯೋಚನೆ ಇಲ್ಲ.

ಸಮಸ್ಯೆ ಅಂಗಳದ್ದು. ಮನೆ ತಗ್ಗಿನಲ್ಲಿ, ಮಾರ್ಗ ಮೇಲೆ. ಅಂಗಳದಲ್ಲಿ ಕಾರು ತಿರುಗಿಸಲು ಜಾಗ ಸಾಲದು, ಅಡಿಕೆ ಒಣಗಲು ಹಾಕಿದ ಮೇಲೆ ಕೇಳುವುದೇ ಬೇಡ. ಹಾಗಾಗಿ ರಿವರ್ಸಿನಲ್ಲೇ ಏರು ಹತ್ತಿಸಿ ಮಾರ್ಗಕ್ಕೆ ಹೋಗಬೇಕು. ಒಂದು ಬದಿ ಬರೆ (ಕಡಿದ ಗುಡ್ಡದ ಮಣ್ಣಿನ ಗೋಡೆ), ಇನ್ನೊಂದು ಬದಿ ತೋಡು (ನೀರು ಹರಿಯುವ ಹಳ್ಳ). ಅಪ್ಪನಿಗೆ ಈಗ ಕುತ್ತಿಗೆ ಪೂರ್ತಿ ತಿರುಗುವುದಿಲ್ಲ. ತಂಗಿಯ ಮಕ್ಕಳು ಸಣ್ಣವರು, ರಜೆಗೆ ಬಂದರೆ ಇಡೀ ದಿನ ಅಂಗಳದಲ್ಲೇ ಇರುತ್ತಾರೆ. ನನಗೆ ಹೆದರಿಕೆ ಅದೇ.

ಕಾರಲ್ಲಿ ಇರುವುದು ಸಿಂಗಲ್ ಡಿನ್ ಸ್ಟೀರಿಯೊ, ಅಂದರೆ ದೊಡ್ಡ ಪರದೆ ಇಲ್ಲದ ಸಣ್ಣ ಅಳತೆಯದ್ದು. ಒಂದು ಅಂಗಡಿಯಲ್ಲಿ ಕೇಳಿದೆ. ದೊಡ್ಡ ಆಂಡ್ರಾಯ್ಡ್ ಸ್ಕ್ರೀನ್ ಹಾಕಿಸಿ, ಡ್ಯಾಶ್‌ಬೋರ್ಡ್ ಸ್ವಲ್ಪ ಕತ್ತರಿಸಬೇಕಾಗುತ್ತದೆ ಅಂದರು. ಅಪ್ಪನಿಗೆ ಅದು ಬೇಡ, ಹಳೇ ರೇಡಿಯೊ ಗುಂಡಿಗಳೇ ಅವರಿಗೆ ಅಭ್ಯಾಸ. ಸ್ಟೀರಿಯೊ ಮುಟ್ಟದೆ ಕ್ಯಾಮೆರಾ ಹಾಕಲು ಆಗುತ್ತದಾ? ಮಳೆಗಾಲದಲ್ಲಿ ಬಾಳಿಕೆ ಬರುತ್ತದಾ? ಕೆಲಸ ನಾವೇ ಮಾಡಿಕೊಳ್ಳಬಹುದಾ? ಗೊತ್ತಿದ್ದವರು ವಿವರವಾಗಿ ಹೇಳಿ.

ಕುಂಬಳೆ ಕಡಲಬದಿ

ಸ್ಟೀರಿಯೊ ಮುಟ್ಟುವುದೇ ಬೇಡ. ಒಳಗಿನ ಕನ್ನಡಿಯ ಮೇಲೆ ಕ್ಲಿಪ್ ಹಾಕಿ ಕೂರಿಸುವ 4.3 ಇಂಚಿನ ಮಿರರ್ ಮಾನಿಟರ್ ಸಿಗುತ್ತದೆ. ರಿವರ್ಸ್ ಹಾಕಿದಾಗ ಕನ್ನಡಿಯಲ್ಲೇ ಚಿತ್ರ ಬರುತ್ತದೆ, ಉಳಿದ ಸಮಯ ಸಾದಾ ಕನ್ನಡಿ. ಹಿಂದೆ ನೋಡಲು ಅಪ್ಪನ ಕಣ್ಣು ಹೇಗೂ ಅಲ್ಲಿಗೇ ಹೋಗುತ್ತದಲ್ವಾ, ಹೊಸದಾಗಿ ಕಲಿಯಲು ಏನೂ ಇಲ್ಲ.

ಮಧೂರು ಹುಡುಗ

ಇನ್ನೂ ಸುಲಭದ್ದು ಉಂಟು. ವೈಫೈ ಕ್ಯಾಮೆರಾ ತನ್ನಿ, ಮೊಬೈಲಿನಲ್ಲಿ ನೋಡಿ. ಮುಂದಿನವರೆಗೆ ವಯರ್ ಎಳೆಯುವ ಕೆಲಸವೇ ಇಲ್ಲ.

ಹೊಸಂಗಡಿ ಎಲೆಕ್ಟ್ರಿಕ್

ತೋಟದವರೇ, ವೈಫೈ ಬೇಡ. ನಾನು ಈ ಕೆಲಸ ಮಾಡಿಯೇ ಊಟ ಮಾಡುವವನು, ಅದಕ್ಕೆ ಖಡಾಖಂಡಿತ ಹೇಳುತ್ತೇನೆ. ರಿವರ್ಸ್ ಹಾಕಿದ ಮೇಲೆ ಕ್ಯಾಮೆರಾ ಆನ್ ಆಗಬೇಕು, ಫೋನ್ ಅದರ ವೈಫೈ ಹಿಡಿಯಬೇಕು, ಆ್ಯಪ್ ತೆರೆಯಬೇಕು. ಇಂಟರ್ನೆಟ್ ಇಲ್ಲದ ವೈಫೈ ಅಂತ ಫೋನ್ ನಡುವಲ್ಲಿ ತಾನಾಗಿ ಬಿಟ್ಟುಬಿಡುವುದೂ ಉಂಟು. ಹಿಡಿದರೂ ಚಿತ್ರ ಸ್ವಲ್ಪ ತಡವಾಗಿ ಬರುತ್ತದೆ. ಮಗು ಅಡ್ಡ ಬಂದದ್ದು ತಡವಾಗಿ ಕಂಡರೆ ಏನು ಪ್ರಯೋಜನ? 2.4 ಗಿಗಾಹರ್ಟ್ಸ್‌ನ ವಯರ್‌ಲೆಸ್ ಡಬ್ಬಿಗಳೂ ಬರುತ್ತವೆ. ಅವಕ್ಕೆ ಅಕ್ಕಪಕ್ಕದ ವೈಫೈ, ಬ್ಲೂಟೂತ್ ಎಲ್ಲ ತೊಂದರೆ ಕೊಡುತ್ತವೆ. ಒಂದು ವಯರ್ ಎಳೆದುಬಿಡಿ, ಆಮೇಲೆ ಮರೆತುಬಿಡಬಹುದು.

ಕಡಲಬದಿಯವರು ಹೇಳಿದ ಮಿರರ್ ಮಾನಿಟರ್ ಸರಿಯಾದ ಆಯ್ಕೆ. ಈಗ ಕ್ಯಾಮೆರಾ. ಅಂಗಡಿಯವರು 170 ಡಿಗ್ರಿ, ಎಚ್‌ಡಿ ಅಂತೆಲ್ಲ ಹೇಳುತ್ತಾರೆ. ಆ 170 ಮೂಲೆಯಿಂದ ಮೂಲೆಗೆ ಅಳೆದದ್ದು, ಅಡ್ಡಕ್ಕೆ ಕಾಣುವುದು ಅದಕ್ಕಿಂತ ಕಡಿಮೆ. ನೀವು ಗಮನಿಸಬೇಕಾದದ್ದು ಬೇರೆ. ಮಿರರ್ ಮಾನಿಟರ್‌ಗಳಲ್ಲಿ ಹೆಚ್ಚಿನವು ಹಳೇ ನಮೂನೆಯ ಸಿವಿಬಿಎಸ್ ಸಿಗ್ನಲ್ ಮಾತ್ರ ತೆಗೆದುಕೊಳ್ಳುತ್ತವೆ. ಎಎಚ್‌ಡಿ ಅಂತ ಬರುವ ಹೊಸ ನಮೂನೆಯ ಸಿಗ್ನಲಿನ ಕ್ಯಾಮೆರಾ ತಂದು ಅದಕ್ಕೆ ಸಿಕ್ಕಿಸಿದರೆ ಚಿತ್ರ ಬರುವುದಿಲ್ಲ, ಬಂದರೂ ಹರಿದ ಹಾಗೆ ಬರುತ್ತದೆ. ಕೆಲವು ಕ್ಯಾಮೆರಾದಲ್ಲಿ ಒಂದು ಸಣ್ಣ ವಯರ್ ಬಳೆ ಇರುತ್ತದೆ, ಅದನ್ನು ಕತ್ತರಿಸಿದರೆ ಸಿವಿಬಿಎಸ್‌ಗೆ ಬದಲಾಗುತ್ತದೆ. ಡಬ್ಬಿಯಲ್ಲಿರುವ ಚೀಟಿ ಓದಿ ತಂದರೆ ಈ ತಲೆಬಿಸಿ ಇಲ್ಲ.

ಗುಜರಿಯಲ್ಲಿ ಕಂಪನಿ ಕ್ಯಾಮೆರಾ ಅಗ್ಗಕ್ಕೆ ಸಿಕ್ಕಿತು ಅಂತ ತರಬೇಡಿ. ಟೊಯೊಟಾದ ಹಲವು ಕಂಪನಿ ಕ್ಯಾಮೆರಾಗಳು 6 ವೋಲ್ಟಿನವು. ನೇರ 12 ವೋಲ್ಟ್ ಕೊಟ್ಟರೆ ಸುಟ್ಟುಹೋಗುತ್ತವೆ.

ಇನ್ನು ವಯರ್. ನನ್ನ ಹತ್ತಿರ ಕ್ಯಾಮೆರಾ ಹಾಳಾಯಿತು ಅಂತ ಬರುವ ಕಾರುಗಳಲ್ಲಿ ಹೆಚ್ಚಿನವುಗಳ ಕ್ಯಾಮೆರಾ ಗಟ್ಟಿಯಾಗಿಯೇ ಇರುತ್ತದೆ. ಹೋಗಿರುವುದು ಜಾಯಿಂಟು. ನಮ್ಮ ಕಾಸರಗೋಡು ಜಿಲ್ಲೆಯಲ್ಲಿ ವರ್ಷಕ್ಕೆ 3000 ಮಿಲಿಮೀಟರಿಗಿಂತ ಜಾಸ್ತಿ ಮಳೆ, ಅದರ ಮೇಲೆ ಕಡಲ ಗಾಳಿ. ಬಿಚ್ಚಿದ ತಾಮ್ರ ಹಸಿರು ಹಿಡಿಯಲು ಒಂದು ಮಳೆಗಾಲ ಸಾಕು. ಹಾಗಾಗಿ ಕ್ಯಾಮೆರಾಗೆ ಜಾಸ್ತಿ ಹಣ ಹಾಕುವ ಬದಲು ಜಾಯಿಂಟಿಗೆ ಜಾಸ್ತಿ ಹೊತ್ತು ಹಾಕಿ.

ಕೆಲಸದ ಕ್ರಮ ಹೀಗೆ. ಮೊದಲು ಕಾರನ್ನು ಮಟ್ಟಸ ಜಾಗದಲ್ಲಿ ನಿಲ್ಲಿಸಿ, ಹ್ಯಾಂಡ್ ಬ್ರೇಕ್ ಹಾಕಿ, ಚಕ್ರಕ್ಕೆ ಕಲ್ಲು ಕೊಡಿ. ಎಂಜಿನ್ ಆಫ್ ಇರಲಿ, ಕೀ ಮಾತ್ರ ಆನ್ ಮಾಡಿ ರಿವರ್ಸ್ ಹಾಕಿ. ಹಿಂದಿನ ಟೇಲ್ ಲ್ಯಾಂಪ್ ಬಿಚ್ಚಿ, ಬಿಳಿ ಬಲ್ಬಿಗೆ ಹೋಗುವ ಎರಡು ವಯರುಗಳಲ್ಲಿ ಯಾವುದರಲ್ಲಿ 12 ವೋಲ್ಟ್ ಬರುತ್ತದೆ ಅಂತ ಮೀಟರಿನಲ್ಲಿ ನೋಡಿ. ಬಣ್ಣ ನೋಡಿ ನಂಬಬೇಡಿ. ಹಳೇ ಕಾರಿನಲ್ಲಿ ಯಾರೋ ಯಾವಾಗಲೋ ಬದಲಿಸಿರುತ್ತಾರೆ. ರಿವರ್ಸ್ ತೆಗೆದಾಗ ವೋಲ್ಟ್ ಹೋಗಬೇಕು, ಆಗ ಅದೇ ಸರಿಯಾದ ವಯರ್. ಗುರುತು ಮಾಡಿ, ಆಮೇಲೆ ಬ್ಯಾಟರಿಯ ನೆಗೆಟಿವ್ ಬಿಚ್ಚಿ ಕೆಲಸ ಶುರು ಮಾಡಿ.

ಕ್ಯಾಮೆರಾದ ಕೆಂಪು ವಯರ್ ಅದಕ್ಕೆ, ನಡುವೆ 1 ಆಂಪಿಯರ್ ಫ್ಯೂಸ್. ಕ್ಯಾಮೆರಾ ಎಳೆಯುವುದು ತುಂಬಾ ಕಡಿಮೆ ಕರೆಂಟ್, ಅದರಿಂದ ಲ್ಯಾಂಪಿಗೆ ಏನೂ ಆಗುವುದಿಲ್ಲ. ಫ್ಯೂಸ್ ಇರುವುದು ವಯರ್ ಎಲ್ಲಾದರೂ ಕಾರಿನ ತಗಡಿಗೆ ತಾಗಿದರೆ ಅಂತ. ವಯರನ್ನು ಕಚ್ಚಿ ಹಿಡಿಯುವ ಪ್ಲಾಸ್ಟಿಕ್ ಕ್ಲಿಪ್ಪುಗಳು ಬರುತ್ತವಲ್ಲ, ಅದು ದಯವಿಟ್ಟು ಬೇಡ. ಒಳಗಿನ ಬ್ಲೇಡ್ ವಯರಿನ ಸಿಪ್ಪೆ ಸೀಳಿ ಕೂರುತ್ತದೆ, ನೀರು ಒಳಗೆ ಹೋಗುವುದೂ ಅಲ್ಲಿಯೇ. ಬೆಸುಗೆ ಹಾಕಿ, ಹೀಟ್ ಶ್ರಿಂಕ್ ಟ್ಯೂಬ್ ಹಾಕಿ, ಅದರ ಮೇಲೆ ಟೇಪು ಸುತ್ತಿ.

ಡಿಕ್ಕಿ ಬಾಗಿಲಿಂದ ಕಾರಿನ ಬಾಡಿಯೊಳಗೆ ವಯರ್ ಹೋಗುವಲ್ಲಿ ರಬ್ಬರ್ ಪೈಪ್ ಇರುತ್ತದೆ. ವಯರ್ ಅದರ ಒಳಗಿನಿಂದಲೇ ಹೋಗಬೇಕು. ಪಕ್ಕದಲ್ಲಿ ಬಿಟ್ಟು ಬಾಗಿಲು ಹಾಕಿದರೆ ಒಂದು ದಿನ ತುಂಡಾಗುತ್ತದೆ, ಮಳೆನೀರೂ ಒಳಗೆ ಇಳಿಯುತ್ತದೆ. ರಬ್ಬರನ್ನು ಎರಡೂ ತುದಿಯಲ್ಲಿ ಬಿಡಿಸಿ, ಗಟ್ಟಿ ತಂತಿ ತೂರಿಸಿ, ತುದಿಗೆ ವಯರ್ ಕಟ್ಟಿ, ಸಾಬೂನು ನೀರು ಹಚ್ಚಿ ಎಳೆಯಿರಿ. ದಪ್ಪ ಪ್ಲಗ್ ಇರುವ ತುದಿ ಬರುವುದಿಲ್ಲ, ಸಪೂರ ತುದಿಯಿಂದ ಶುರು ಮಾಡಿ. ಬಾಗಿಲು ಪೂರ್ತಿ ಎತ್ತಿ ನೋಡಿ, ವಯರ್ ಬಿಗಿಯಬಾರದು.

ಅಲ್ಲಿಂದ ಮುಂದಕ್ಕೆ ಬಾಗಿಲ ಕೆಳಗಿನ ಪ್ಲಾಸ್ಟಿಕ್ ಪಟ್ಟಿ ಎಬ್ಬಿಸಿ, ಅದರ ಅಡಿಯಲ್ಲಿ ತಂದು, ಮುಂದಿನ ಕಂಬದ ಬದಿಯಲ್ಲಿ ಹತ್ತಿಸಿ ಕನ್ನಡಿಗೆ. ಸಾಮಾನ್ಯವಾಗಿ ಪೆಟ್ಟಿಗೆಯಲ್ಲಿ 6 ಮೀಟರ್ ಕೇಬಲ್ ಇರುತ್ತದೆ, ಆಲ್ಟೊಗೆ ಬೇಕಾದಷ್ಟಾಯಿತು. ಏರ್‌ಬ್ಯಾಗ್ ಇರುವ ಕಾರಾದರೆ ಹಳದಿ ಕೊಳವೆಯ ವಯರ್ ಮುಟ್ಟಬೇಡಿ.

ಎಲ್ಲ ಒಳಗೆ ಹುದುಗಿಸುವ ಮೊದಲು ಒಮ್ಮೆ ಆನ್ ಮಾಡಿ ನೋಡಿ. ಕಾರಿನ ಹಿಂದೆ ಎಡಬದಿಯಲ್ಲಿ ಒಬ್ಬರನ್ನು ನಿಲ್ಲಿಸಿ. ಕನ್ನಡಿಯಲ್ಲೂ ಎಡಬದಿಯಲ್ಲೇ ಕಾಣಬೇಕು. ಬಲಕ್ಕೆ ಕಂಡರೆ ಕ್ಯಾಮೆರಾ ಮುಂದಿನ ಬದಿಯ ಸೆಟ್ಟಿಂಗಿನಲ್ಲಿ ಉಂಟು ಅಂತ ಅರ್ಥ. ಅದನ್ನು ತಿರುಗಿಸಲು ಕ್ಯಾಮೆರಾದಲ್ಲೇ ಒಂದು ವಯರ್ ಬಳೆ ಇರುತ್ತದೆ. ಇದೊಂದು ನೋಡದೆ ಕೆಲಸ ಮುಗಿಸಲೇಬೇಡಿ. ತೋಡು ಇರುವ ಬದಿ ಬರೆಯ ಹಾಗೆ ಕಂಡರೆ ಏನಾಗಬಹುದು ಯೋಚಿಸಿ.

ನೀರ್ಚಾಲು ತೋಟದವ

ಅಣ್ಣ, ಇಷ್ಟು ವಿವರವಾಗಿ ಬರೆದದ್ದಕ್ಕೆ ತುಂಬಾ ಉಪಕಾರ. ಪ್ರಿಂಟ್ ತೆಗೆದು ಇಟ್ಟುಕೊಂಡಿದ್ದೇನೆ. ಮಿರರ್ ಮಾನಿಟರ್‌ಗೆ ಕರೆಂಟ್ ಎಲ್ಲಿಂದ?

ಹೊಸಂಗಡಿ ಎಲೆಕ್ಟ್ರಿಕ್

ವೀಡಿಯೊ ಕೇಬಲಿನ ಜೊತೆಯಲ್ಲೇ ಒಂದು ಸಪೂರ ಕೆಂಪು ವಯರ್ ಎರಡೂ ತುದಿಯಲ್ಲಿ ಹೊರಗೆ ಬಂದಿರುತ್ತದೆ. ಹಿಂದೆ ರಿವರ್ಸ್ ಲ್ಯಾಂಪಿನ 12 ವೋಲ್ಟನ್ನು ಅದಕ್ಕೆ ಕೊಟ್ಟರೆ ಮುಂದೆ ಅದೇ ಸಿಗುತ್ತದೆ. ಮಾನಿಟರಿನ ಕೆಂಪು ಅದಕ್ಕೆ. ರಿವರ್ಸ್ ಹಾಕಿದಾಗ ಮಾತ್ರ ಆನ್, ಬ್ಯಾಟರಿ ಇಳಿಯುವ ಪ್ರಶ್ನೆಯೇ ಇಲ್ಲ. ಮಾನಿಟರಿಗೂ ಇದರಲ್ಲೇ ಕರೆಂಟ್ ಹೋಗುವುದಾದರೆ ಫ್ಯೂಸ್ 2 ಆಂಪಿಯರ್ ಇರಲಿ. ಚಿತ್ರ ಬರಲು ಒಂದು ಕ್ಷಣ ಹಿಡಿಯುತ್ತದೆ. ಚಿತ್ರ ಬಂದ ಮೇಲೆಯೇ ಕ್ಲಚ್ ಬಿಡಬೇಕು ಅಂತ ಅಪ್ಪನಿಗೆ ಹೇಳಿಕೊಡಿ.

ಪೆರ್ಲದ ಮಾಷ್ಟ್ರು

ಕ್ಯಾಮೆರಾ ಮಾತ್ರ ಸಾಕಾ, ಸೆನ್ಸರೂ ಬೇಕಾ ಅಂತ ಯಾರೂ ಕೇಳಲಿಲ್ಲ. ನಮ್ಮ ದೇಶದಲ್ಲಿ 2019ರ ಜುಲೈ 1ರಿಂದ ತಯಾರಾದ ಕಾರುಗಳಿಗೆ ರಿವರ್ಸ್ ಪಾರ್ಕಿಂಗ್ ಸೆನ್ಸರ್ ಕಡ್ಡಾಯ. ಅದಕ್ಕಿಂತ ಹಳೆಯವಕ್ಕೆ ಬೇಕಾದರೆ ನಾವೇ ಹಾಕಿಸಿಕೊಳ್ಳಬೇಕು. ಅಮೆರಿಕದಲ್ಲಿ 2018ರ ಮೇ ತಿಂಗಳಿಂದ ಹೊಸ ಕಾರುಗಳಿಗೆ ಕ್ಯಾಮೆರಾವೇ ಕಡ್ಡಾಯ. ಅಲ್ಲಿನ ನಿಯಮದಲ್ಲಿ ಕಾರಿನ ಹಿಂದೆ 10 ಅಡಿ ಅಗಲ, 20 ಅಡಿ ಉದ್ದದ ಜಾಗ ಕಾಣಬೇಕು. ಆ ನಿಯಮ ಬರಲು ಕಾರಣವೇ ಮನೆಯಂಗಳದಲ್ಲಿ ಮಕ್ಕಳಿಗೆ ಆಗುತ್ತಿದ್ದ ಅಪಘಾತಗಳು. ಓಡಿಸುತ್ತಿದ್ದವರು ಹಲವು ಸಲ ಆ ಮಗುವಿನ ಮನೆಯವರೇ. ತೋಟದವರ ಹೆದರಿಕೆ ಸುಮ್ನೆ ಅಲ್ಲ.

ಸೆನ್ಸರ್ ಶಬ್ದದ ಅಲೆ ಕಳಿಸಿ, ಅದು ತಿರುಗಿ ಬರುವುದನ್ನು ಲೆಕ್ಕ ಹಾಕುತ್ತದೆ. ಗೋಡೆ, ಇನ್ನೊಂದು ಕಾರು ಚೆನ್ನಾಗಿ ಹಿಡಿಯುತ್ತದೆ. ಸಪೂರ ಕಂಬ, ತಂತಿ ಬೇಲಿ, ತೀರಾ ತಗ್ಗಿನಲ್ಲಿರುವ ಕಲ್ಲು ತಪ್ಪಿಹೋಗಬಹುದು. ತೋಡಂತೂ ಅದಕ್ಕೆ ಗೊತ್ತೇ ಆಗುವುದಿಲ್ಲ, ಅಲೆ ತಿರುಗಿ ಬರಲು ಅಲ್ಲಿ ಏನೂ ಇಲ್ಲವಲ್ಲ. ಹಾಗಾಗಿ ನಮ್ಮ ಕಡೆಯ ಮನೆಗಳಿಗೆ ಕ್ಯಾಮೆರಾ ಮೊದಲು, ಸೆನ್ಸರ್ ಆಮೇಲೆ.

ಮುಳ್ಳೇರಿಯ ಅಕ್ಕ

ಮಾಷ್ಟ್ರೇ, ಸೆನ್ಸರನ್ನು ಅಷ್ಟು ಕಡೆಗಣಿಸಬೇಡಿ. ನನ್ನ ವ್ಯಾಗನ್ ಆರ್‌ನಲ್ಲಿ ಎರಡೂ ಉಂಟು. ಮಳೆ ಜೋರಾಗಿ ಬರುವಾಗ ಲೆನ್ಸಿನಲ್ಲಿ ನೀರ ಹನಿ ನಿಂತು ಎಲ್ಲ ಮಬ್ಬು, ಆಗ ಕಿವಿಗೆ ಕೇಳುವ ಬೀಪ್ ಸದ್ದೇ ಧೈರ್ಯ. ಮಣ್ಣಿನ ಮಾರ್ಗದಲ್ಲಿ ಹೋಗಿ ಬಂದರೆ ಕೆಂಪು ಕೆಸರು ಹಿಂದಿನ ಬಾಗಿಲ ತುಂಬಾ ಎರಚಿರುತ್ತದೆ, ಕ್ಯಾಮೆರಾ ಎಲ್ಲಿ ಉಂಟು ಅಂತ ಹುಡುಕಬೇಕು. ಡಿಕ್ಕಿಯಲ್ಲಿ ಒಂದು ಬಾಟಲಿ ನೀರು ಮತ್ತು ಹಳೇ ಹತ್ತಿ ಬಟ್ಟೆ ಯಾವಾಗಲೂ ಇರಲಿ. ಮೊದಲು ನೀರು ಸುರಿದು ಮಣ್ಣು ಇಳಿಸಬೇಕು, ಆಮೇಲೆ ಬಟ್ಟೆ. ಒಣ ಬಟ್ಟೆಯಲ್ಲಿ ತಿಕ್ಕಿದರೆ ಲೆನ್ಸ್ ಗೀರು ಬೀಳುತ್ತದೆ.

ತೋಟದವರಿಗೆ ಇನ್ನೊಂದು ಮಾತು. ಅಡಿಕೆಗೆ ಮದ್ದು ಬಿಡುವ ದಿನ ಕಾರನ್ನು ತೋಟದ ಬದಿಯಲ್ಲಿ ನಿಲ್ಲಿಸಬೇಡಿ. ಬೋರ್ಡೋ ದ್ರಾವಣದಲ್ಲಿ ಮೈಲುತುತ್ತು ಜೊತೆ ಸುಣ್ಣವೂ ಇರುತ್ತದಲ್ಲ, ಸಿಡಿದದ್ದು ಒಣಗಿದರೆ ಲೆನ್ಸಿನ ಮೇಲೆ ನೀಲಿ ಬಿಳಿ ಪೊರೆ ಗಟ್ಟಿ ಕೂರುತ್ತದೆ. ಕೆಲಸಕ್ಕೆ ಬಂದವರು ಪೆಟ್ರೋಲಿನಲ್ಲಿ ಒರೆಸಿ ಅಂತ ಹೇಳಿಯಾರು. ಪ್ಲಾಸ್ಟಿಕ್ ಲೆನ್ಸ್ ಮಸುಕಾಗುತ್ತದೆ, ಬೇಡ. ಸಿಡಿದ ಕೂಡಲೇ ನೀರು ಹಾಕಿದರೆ ಹೋಗುತ್ತದೆ.

ಜತ್ತದ ಪಾಟೀಲ

ನಮಸ್ಕಾರ ರೀ. ನಾನು ಸಾಂಗ್ಲಿ ಜಿಲ್ಲೆಯ ಜತ್ತದವನು. ನಿಮ್ಮ ಕಡೆ ಮಳೆಯ ಚಿಂತೆ, ನಮ್ಮ ಕಡೆ ಧೂಳಿನ ಚಿಂತೆ. ಹಳೇ ಬೊಲೆರೊಗೆ ಕ್ಯಾಮೆರಾ ಹಾಕಿಸಿದ್ದೇನೆ. ಬ್ಯಾಸಿಗಿಯಲ್ಲಿ ಧೂಳು ಎಷ್ಟು ಅಂದರೆ ಹೊಲದಿಂದ ಬರುವುದರೊಳಗೆ ಲೆನ್ಸ್ ಮುಚ್ಚಿಹೋಗಿರುತ್ತದೆ. ಮ್ಯಾಲಿನಿಂದ ಸಣ್ಣ ಟೋಪಿ ಇರುವ ಕ್ಯಾಮೆರಾ ಸಿಗುತ್ತದೆ, ಅದು ಭಾಳ ಉಪಯೋಗ. ಬಿಸಿಲು ನೇರ ಹೊಡೆಯುವುದಿಲ್ಲ, ಮಳೆ ಹನಿಯೂ ಕಡಿಮೆ ನಿಲ್ಲುತ್ತದೆ. ನಿಮಗೂ ಆದೀತು.

ಕುಂಬಳೆ ಕಡಲಬದಿ

ನಂಬರ್ ಪ್ಲೇಟಿನ ಸುತ್ತ ಕೂರುವ ಫ್ರೇಮ್ ಕ್ಯಾಮೆರಾ ಬರುತ್ತದಲ್ಲ, ಅದು ಹೇಗೆ? ಡ್ರಿಲ್ ಮಾಡುವುದು ಬೇಡ ಅಂತ ನನಗೆ ಅನಿಸುತ್ತದೆ. ತೂತು ಮಾಡಿದಲ್ಲಿ ತುಕ್ಕು ಶುರುವಾಗುತ್ತದೆ, ಕಡಲಬದಿಯಲ್ಲಂತೂ ಬೇಗ.

ಪೆರ್ಲದ ಮಾಷ್ಟ್ರು

ಫ್ರೇಮ್ ಹಾಕಿದರೆ ಪ್ಲೇಟಿನ ಅಕ್ಷರ, ಅಂಚು, ಮೇಲಿನ ದೀಪ ಯಾವುದೂ ಮುಚ್ಚಬಾರದು. 2019ರ ಏಪ್ರಿಲ್ 1ರಿಂದ ಬಂದ ಹೊಸ ವಾಹನಗಳಿಗೆ ಹೈ ಸೆಕ್ಯುರಿಟಿ ಪ್ಲೇಟು, ಅದರ ಲಾಕ್ ಒಮ್ಮೆ ಹಾಕಿದರೆ ಒಡೆದೇ ತೆಗೆಯಬೇಕು. ಅಂಥ ಪ್ಲೇಟ್ ಇದ್ದರೆ ಫ್ರೇಮಿಗಾಗಿ ಅದನ್ನು ಬಿಚ್ಚುವ ಕೆಲಸಕ್ಕೆ ಹೋಗಲೇಬಾರದು. ಪ್ಲೇಟಿನಿಂದ ದೂರ, ದೀಪದ ಬದಿಯಲ್ಲಿ ಸಣ್ಣ ಕ್ಯಾಮೆರಾ ಕೂರಿಸುವುದೇ ಒಳ್ಳೆಯದು.

ಹೊಸಂಗಡಿ ಎಲೆಕ್ಟ್ರಿಕ್

ತೂತು ಮಾಡಲೇಬೇಕಾದರೆ ಪ್ಲಾಸ್ಟಿಕ್ ಇರುವಲ್ಲಿ ಮಾಡಿ. ತಗಡಿನಲ್ಲಿ ಮಾಡಿದರೆ ಅಂಚಿಗೆ ಪ್ರೈಮರ್ ಹಚ್ಚಿ, ಒಣಗಿದ ಮೇಲೆ ರಬ್ಬರ್ ವಾಷರ್ ಹಾಕಿ. ವಯರ್ ಒಳಗೆ ಹೋಗುವ ಮೊದಲು ಸ್ವಲ್ಪ ಕೆಳಗೆ ಇಳಿದು ಮೇಲೆ ಹತ್ತುವ ಹಾಗೆ ಬಿಡಿ, ಆಗ ನೀರು ವಯರಿನ ಜೊತೆ ಒಳಗೆ ಬಾರದೆ ಬಗ್ಗಿದಲ್ಲೇ ತೊಟ್ಟಿಕ್ಕುತ್ತದೆ. ನಮ್ಮ ಮನೆಗಳಿಗೆ ಕರೆಂಟ್ ಸರ್ವಿಸ್ ವಯರ್ ಎಳೆಯುವಾಗ ಗೋಡೆಯ ಹೊರಗೆ ಬಗ್ಗಿಸಿ ಬಿಡುತ್ತಾರಲ್ಲ, ಅದೇ ಕ್ರಮ.

ನೀರು, ಧೂಳು ತಡೆಯುವ ದರ್ಜೆ ಐಪಿ67 ಅಂತ ಬರೆದಿದ್ದರೆ 1 ಮೀಟರ್ ನೀರಿನಲ್ಲಿ 30 ನಿಮಿಷ ಇಟ್ಟರೂ ಆಗುತ್ತದೆ ಅಂತ ಲೆಕ್ಕ. ಅದು ಕ್ಯಾಮೆರಾದ ಗುಂಡಿಗೆ ಮಾತ್ರ, ಪ್ಲಗ್ಗಿಗೆ ಅಲ್ಲ. ಪ್ಲಗ್ ಯಾವಾಗಲೂ ಕಾರಿನ ಒಳಗೇ ಇರಬೇಕು. ಸರ್ವಿಸಿನಲ್ಲಿ ಪ್ರೆಷರ್ ಪೈಪ್ ಹಿಡಿದು ತೊಳೆಯುವವರಿಗೂ ಹೇಳಿ, ಕ್ಯಾಮೆರಾಕ್ಕೆ ನೇರ ಹೊಡೆಯಬಾರದು ಅಂತ.

ನೀರ್ಚಾಲು ತೋಟದವ

ಕೆಲಸ ಮುಗಿಯಿತು, ಆದರೆ ಪೂರ್ತಿ ಸರಿಯಾಗಲಿಲ್ಲ. ನನಗೆ ಪುರುಸೊತ್ತು ಆಗದೆ ಪೇಟೆಯ ಒಂದು ಅಂಗಡಿಯಲ್ಲಿ ಮಾಡಿಸಿದೆವು. ಎಡ ಬಲ ಸರಿ ಉಂಟು. ಕೀ ಮಾತ್ರ ಆನ್ ಮಾಡಿ ರಿವರ್ಸ್ ಹಾಕಿದರೆ ಚಿತ್ರ ಕನ್ನಡಿಯಷ್ಟು ಸ್ಪಷ್ಟ. ಎಂಜಿನ್ ಸ್ಟಾರ್ಟ್ ಮಾಡಿದ ಕೂಡಲೇ ಅಡ್ಡ ಗೆರೆಗಳು ಕೆಳಗಿನಿಂದ ಮೇಲೆ ಓಡಲು ಶುರು. ಆಕ್ಸಿಲರೇಟರ್ ಒತ್ತಿದರೆ ಗೆರೆ ಇನ್ನೂ ಜೋರಾಗಿ ಓಡುತ್ತದೆ. ಅಂಗಡಿಯವರು ಕ್ಯಾಮೆರಾ ಪೀಸ್ ಸರಿ ಇಲ್ಲ, ಬೇರೆ ದೊಡ್ಡ ರೇಟಿನದು ಹಾಕಿಸಿ ಅನ್ನುತ್ತಾರೆ.

ಹೊಸಂಗಡಿ ಎಲೆಕ್ಟ್ರಿಕ್

ಕ್ಯಾಮೆರಾ ಬದಲಿಸಬೇಡಿ. ಎಂಜಿನ್ ಆಫ್ ಇದ್ದಾಗ ಚಿತ್ರ ಸ್ಪಷ್ಟ ಅಂದರೆ ಕ್ಯಾಮೆರಾ ಚೆನ್ನಾಗಿದೆ ಅಂತಲೇ ಅರ್ಥ. ಎಂಜಿನ್ ವೇಗಕ್ಕೆ ಸರಿಯಾಗಿ ಗೆರೆ ಓಡುವುದು ಆಲ್ಟರ್‌ನೇಟರಿನ (ಎಂಜಿನ್ ಓಡುವಾಗ ಕರೆಂಟ್ ಮಾಡುವ ಡೈನಮೊ) ಗಲಾಟೆ ಚಿತ್ರದೊಳಗೆ ಬರುವುದರಿಂದ. ಅದು ಬರುವ ದಾರಿ ಹೆಚ್ಚಾಗಿ ಅರ್ತಿಂಗ್, ಅಂದರೆ ಕಪ್ಪು ವಯರನ್ನು ಕಾರಿನ ತಗಡಿಗೆ ಜೋಡಿಸಿದ ಜಾಗ.

ಮೊದಲು ಒಂದು ಪರೀಕ್ಷೆ. ಮನೆಯಲ್ಲಿ ಬೈಕ್ ಇದ್ದರೆ ಅದರ 12 ವೋಲ್ಟ್ ಬ್ಯಾಟರಿ ತೆಗೆದು, ಕ್ಯಾಮೆರಾದ ಕೆಂಪು ಕಪ್ಪು ಎರಡನ್ನೂ ಕಾರಿನ ವಯರಿಂಗಿನಿಂದ ಬಿಡಿಸಿ, ಅದಕ್ಕೆ ಕೊಡಿ. ಕಾರಿನ ಎಂಜಿನ್ ಓಡುತ್ತಿರಲಿ. ಗೆರೆ ಮಾಯವಾದರೆ ತೊಂದರೆ ಕರೆಂಟ್ ಕೊಟ್ಟ ರೀತಿಯಲ್ಲಿ ಉಂಟು. ಗೆರೆ ಹಾಗೇ ಇದ್ದರೆ ವೀಡಿಯೊ ಕೇಬಲ್ ಹೋದ ದಾರಿಯಲ್ಲಿ, ಅಂದರೆ ದಪ್ಪ ಪವರ್ ವಯರಿನ ಜೊತೆ ಸೇರಿಸಿ ಕಟ್ಟಿರಬಹುದು.

ಆಮೇಲೆ ಕ್ಯಾಮೆರಾದ ಕಪ್ಪು ವಯರ್ ಎಲ್ಲಿಗೆ ಕೊಟ್ಟಿದ್ದಾರೆ ನೋಡಿ, ಫೋಟೊ ಹಾಕಿ.

ನೀರ್ಚಾಲು ತೋಟದವ

ತಮ್ಮನ ಬೈಕಿನ ಬ್ಯಾಟರಿ ತೆಗೆದು ನೋಡಿದೆವು. ಗೆರೆ ಪೂರ್ತಿ ಹೋಯಿತು! ಕಪ್ಪು ವಯರನ್ನು ಡಿಕ್ಕಿ ಬಾಗಿಲ ಒಳಗಿನ ಒಂದು ಸ್ಕ್ರೂಗೆ ಸುತ್ತಿ ಬಿಟ್ಟಿದ್ದಾರೆ. ಸ್ಕ್ರೂ ಕೆಳಗೆ ಪೈಂಟ್ ಹಾಗೆಯೇ ಉಂಟು. ಫೋಟೊ ಹಾಕಿದ್ದೇನೆ. ವಯರಿನ ತುದಿಗೆ ಒತ್ತುವ ಲೋಹದ ಲಗ್ ಇಲ್ಲ, ಬಿಡಿ ಎಳೆಗಳು, ಈಗಲೇ ಅರ್ಧ ಕಪ್ಪಾಗಿವೆ.

ಹೊಸಂಗಡಿ ಎಲೆಕ್ಟ್ರಿಕ್

ಅದೇ. ಪೈಂಟ್ ಮೇಲೆ ಕೂತ ಸ್ಕ್ರೂಗೆ ಸರಿಯಾದ ಅರ್ತ್ ಬರುವುದಿಲ್ಲ. ಬಾಗಿಲಿಂದ ಬಾಡಿಗೆ ಹೋಗುವ ದಾರಿಯೂ ಹಳೇ ಹಿಂಜ್, ಅದರ ಗ್ರೀಸ್, ತುಕ್ಕು. ಮಾನಿಟರಿನ ಅರ್ತ್ ಮುಂದೆ ಇನ್ನೆಲ್ಲೋ. ಎರಡರ ನಡುವಿನ ವೋಲ್ಟೇಜ್ ವ್ಯತ್ಯಾಸವೇ ಗೆರೆಯಾಗಿ ಕಾಣುವುದು.

ಕಪ್ಪು ವಯರನ್ನು ರಬ್ಬರ್ ಪೈಪಿನ ಒಳಗಿಂದ ಬಾಡಿಗೇ ತನ್ನಿ. ಟೇಲ್ ಲ್ಯಾಂಪಿನ ಅರ್ತ್ ಕೊಟ್ಟ ಬೋಲ್ಟ್ ಹತ್ತಿರದಲ್ಲೇ ಇರುತ್ತದೆ. ಅದನ್ನು ಬಿಚ್ಚಿ, ಕೆಳಗಿನ ತಗಡನ್ನು ಮರಳು ಕಾಗದದಲ್ಲಿ ತಿಕ್ಕಿ ಬೆಳ್ಳಗೆ ಹೊಳೆಯುವ ಹಾಗೆ ಮಾಡಿ. ವಯರಿಗೆ ಉಂಗುರದ ಲಗ್ ಒತ್ತಿ, ಬೋಲ್ಟ್ ಬಿಗಿ ಮಾಡಿ, ಮೇಲಿನಿಂದ ಗ್ರೀಸ್ ಹಚ್ಚಿ. ಮಾನಿಟರಿನ ಕಪ್ಪು ವಯರನ್ನೂ ಮುಂದಿನ ಅರ್ತಿನಿಂದ ಬಿಡಿಸಿ, ಇನ್ನೊಂದು ವಯರ್ ಎಳೆದು ಇದೇ ಬೋಲ್ಟಿಗೆ ತಂದರೆ ಇನ್ನೂ ಒಳ್ಳೆಯದು. ಆಮೇಲೆ ಎಂಜಿನ್ ಓಡಿಸಿ ಕ್ಯಾಮೆರಾದ ಪ್ಲಗ್ಗಿನಲ್ಲಿ ಮೀಟರ್ ಹಿಡಿಯಿರಿ. 13ರಿಂದ 14 ವೋಲ್ಟಿನ ಆಸುಪಾಸು ಬರಬೇಕು. 11ಕ್ಕಿಂತ ಕೆಳಗೆ ಬಂದರೆ ಎಲ್ಲೋ ಜಾಯಿಂಟ್ ಸಡಿಲ.

ನೀರ್ಚಾಲು ತೋಟದವ

ಹೇಳಿದ ಹಾಗೆಯೇ ಮಾಡಿದೆವು. ಕ್ಯಾಮೆರಾದ ಅರ್ತ್ ಬದಲಿಸಿದ ಕೂಡಲೇ ಗೆರೆ ನಿಂತಿತು, ಮಾನಿಟರಿನದು ಮುಟ್ಟಬೇಕಾಗಲಿಲ್ಲ. ಅದೇ ಕ್ಯಾಮೆರಾ, ಅದೇ ಕೇಬಲ್. ಪ್ಲಗ್ಗಿನಲ್ಲಿ 13.9 ಬರುತ್ತದೆ. ಅಪ್ಪನಿಗೆ ಖುಷಿಯೋ ಖುಷಿ. ಅಣ್ಣ, ನಿಮ್ಮಿಂದಾಗಿ ಹೊಸ ಕ್ಯಾಮೆರಾದ ಖರ್ಚು ಉಳಿಯಿತು.

ಒಂದು ಸಂಶಯ. ಚಿತ್ರದಲ್ಲಿ ಹಸಿರು, ಹಳದಿ, ಕೆಂಪು ಗೆರೆ ಬರುತ್ತದೆ. ಅಂಗಳದಲ್ಲಿ ಅದು ಸುಮಾರಾಗಿ ಸರಿ ತೋರಿಸುತ್ತದೆ. ಏರು ಹತ್ತುವಾಗ ಬರೆ ಇನ್ನೂ ದೂರ ಉಂಟು ಅಂತ ಕಾಣುತ್ತದೆ, ಇಳಿದು ನೋಡಿದರೆ ಹತ್ತಿರವೇ ಬಂದಿರುತ್ತದೆ. ಕ್ಯಾಮೆರಾ ಬಗ್ಗಿಸಿದ್ದು ತಪ್ಪಾ?

ಪೆರ್ಲದ ಮಾಷ್ಟ್ರು

ಬಗ್ಗಿಸಿದ್ದು ತಪ್ಪಲ್ಲ. ಇದು ಎಲ್ಲ ಕ್ಯಾಮೆರಾದಲ್ಲೂ ಇರುವ ವಿಷಯ, ಗುಡ್ಡೆ ಊರಿನ ನಾವು ಸರಿಯಾಗಿ ತಿಳಿದುಕೊಂಡಿರಬೇಕು.

ಆ ಗೆರೆಗಳಿಗೆ ಹಿಂದೆ ಏನುಂಟು ಅಂತ ಗೊತ್ತಿಲ್ಲ. ಹಿಂದಿನ ನೆಲ ಮಟ್ಟಸ ಅಂತ ಇಟ್ಟುಕೊಂಡು ಹಾಕಿದ ಗೆರೆಗಳವು. ನೆಲ ಹಿಂದಕ್ಕೆ ಏರಿಕೊಂಡು ಹೋದರೆ ಅದರ ಮೇಲಿನ ವಸ್ತು ಪರದೆಯಲ್ಲಿ ಮೇಲ್ಗಡೆ ಕಾಣುತ್ತದೆ. ಪರದೆಯಲ್ಲಿ ಮೇಲೆ ಅಂದರೆ ಗೆರೆಯ ಲೆಕ್ಕದಲ್ಲಿ ದೂರ. ಹಾಗಾಗಿ ನಿಜಕ್ಕಿಂತ ದೂರ ಉಂಟು ಅಂತ ಅನಿಸುತ್ತದೆ. ನೆಲ ಹಿಂದಕ್ಕೆ ಇಳಿದರೆ ಇದರ ಉಲ್ಟಾ, ನಿಜಕ್ಕಿಂತ ಹತ್ತಿರ ಕಾಣುತ್ತದೆ. ಎರಡರಲ್ಲಿ ಅಪಾಯದ್ದು ಏರು. ನಿಮ್ಮ ಮನೆಯದ್ದು ಅದೇ.

ಇನ್ನೊಂದು, ನೆಲಕ್ಕೆ ತಾಗದೆ ಮೇಲಿನಿಂದ ಚಾಚಿಕೊಂಡ ವಸ್ತುಗಳು. ಬಾಗಿದ ತೆಂಗಿನ ಮರ, ಜೀಪಿನಿಂದ ಹೊರಗೆ ಚಾಚಿದ ಅಡಿಕೆ ಮರದ ತುಂಡು. ಬುಡ ದೂರದಲ್ಲಿ ಕಾಣುತ್ತದೆ, ತುದಿ ನಮ್ಮ ಗಾಜಿನ ಹತ್ತಿರ ಬಂದಿರುತ್ತದೆ. ಗೆರೆ ನೋಡಿ ಹೋದರೆ ಗಾಜು ಹೋಯಿತು.

ಹೊಸಂಗಡಿ ಎಲೆಕ್ಟ್ರಿಕ್

ಮಾಷ್ಟ್ರು ಸರಿಯಾಗಿ ಹೇಳಿದರು. ಇದಕ್ಕೆ ಕೈಯಲ್ಲೇ ಮಾಡಬಹುದಾದ ಉಪಾಯ ಉಂಟು. ದಿನಾ ಹತ್ತುವ ಏರು ಒಂದೇ ಅಲ್ವಾ? ಕಾರನ್ನು ಏರಿನ ಬುಡದಲ್ಲಿ, ಹತ್ತಲು ಶುರು ಮಾಡುವ ಜಾಗದಲ್ಲೇ ನಿಲ್ಲಿಸಿ. ಚಕ್ರಕ್ಕೆ ಕಲ್ಲು ಕೊಡಿ. ಹಿಂದಿನ ಬಂಪರಿನಿಂದ ಟೇಪ್ ಹಿಡಿದು 1 ಮೀಟರ್, 2 ಮೀಟರ್, 3 ಮೀಟರ್ ದೂರಕ್ಕೆ ಒಂದೊಂದು ಅಡಿಕೆ ಮರದ ರೀಪನ್ನು ಅಡ್ಡ ಇಡಿ. ರೀಪಿನ ಉದ್ದ ಕಾರಿನ ಅಗಲದಷ್ಟೇ ಇರಲಿ. ಅಪ್ಪ ತಮ್ಮ ಸೀಟಿನಲ್ಲಿ ಕೂತು ರಿವರ್ಸ್ ಹಾಕಿ ನೋಡಲಿ. ಪ್ರತಿ ರೀಪು ಪರದೆಯ ಯಾವ ಎತ್ತರಕ್ಕೆ ಬರುತ್ತದೋ, ಅಲ್ಲಿ ಮಿರರಿನ ಅಂಚಿಗೆ ಸಪೂರ ಬಣ್ಣದ ಟೇಪು ಅಂಟಿಸಿ. ಒಂದು ಮೀಟರಿಗೆ ಕೆಂಪು ಸಾಕು. ಕ್ಯಾಮೆರಾದ ಸ್ವಂತ ಗೆರೆ ಗೊಂದಲ ಮಾಡುತ್ತದೆ ಅಂತಾದರೆ, ಅದಕ್ಕೂ ಒಂದು ವಯರ್ ಬಳೆ ಇರುತ್ತದೆ, ಕತ್ತರಿಸಿದರೆ ಗೆರೆ ಹೋಗುತ್ತದೆ. ಕತ್ತರಿಸಿದ ತುದಿಗಳನ್ನು ಟೇಪು ಸುತ್ತಿ ಒಳಗಿಡಿ, ಮುಂದೆ ಬೇಕು ಅಂದರೆ ಸೇರಿಸಬಹುದು.

ಬಂಪರಿನ ಅಂಚು ಪರದೆಯ ಕೆಳಗೆ ಸ್ವಲ್ಪ ಕಾಣುವ ಹಾಗೆ ಕ್ಯಾಮೆರಾ ಬಗ್ಗಿಸಿ. ನಮ್ಮ ಕಾರು ಎಲ್ಲಿ ಮುಗಿಯುತ್ತದೆ ಅಂತ ಕಂಡರೆ ಉಳಿದದ್ದು ಕಣ್ಣಿಗೇ ಅಂದಾಜಾಗುತ್ತದೆ.

ಮುಳ್ಳೇರಿಯ ಅಕ್ಕ

ಏರಿನ ತುದಿಯ ಬಗ್ಗೆಯೂ ಹೇಳಿ. ನಮ್ಮ ಮನೆಯಿಂದ ಮಾರ್ಗಕ್ಕೆ ಹತ್ತುವಾಗ ಕೊನೆಯಲ್ಲಿ ಕಾರಿನ ಹಿಂಭಾಗ ಮೇಲೆತ್ತಿರುತ್ತದೆ, ಪರದೆ ತುಂಬಾ ಆಕಾಶ. ಮಾರ್ಗದಲ್ಲಿ ಬರುವ ಬಸ್ಸು ಕ್ಯಾಮೆರಾಕ್ಕೆ ಬೀಳುವಾಗ ಅದು ನಮ್ಮ ಹಿಂದೆಯೇ ಬಂದಾಗಿರುತ್ತದೆ. ಅಲ್ಲಿ ಕ್ಯಾಮೆರಾ ನಂಬಲೇಬಾರದು. ನಮ್ಮಲ್ಲಿ ಮನೆಯವರು ಯಾರಾದರೂ ಮೇಲೆ ಹೋಗಿ ನಿಂತು ಕೈ ತೋರಿಸುತ್ತಾರೆ. ಅಪ್ಪ ಒಬ್ಬರೇ ಇದ್ದರೆ ತುದಿಯಲ್ಲಿ ಒಮ್ಮೆ ನಿಲ್ಲಿಸಿ, ಹಾರ್ನ್ ಹಾಕಿ, ಗಾಜು ಇಳಿಸಿ ಕಿವಿಗೊಡಲಿ. ಚೆರ್ಕಳ–ಕಲ್ಲಡ್ಕ ರಸ್ತೆಯಂಥ ಕಡೆ ತಿರುವಿನಿಂದ ಗಾಡಿ ಬಂದದ್ದೇ ಗೊತ್ತಾಗುವುದಿಲ್ಲ.

ಮಧೂರು ಹುಡುಗ

ಕ್ಯಾಮೆರಾವನ್ನು ಮುಂದೆ ಹೋಗುವಾಗಲೂ ಆನ್ ಇಡಬಹುದಾ? ಹೆದ್ದಾರಿ 66ರಲ್ಲಿ ಹಿಂದಿನ ಗಾಡಿ ನೋಡಲು.

ಹೊಸಂಗಡಿ ಎಲೆಕ್ಟ್ರಿಕ್

ಬೇಡ ತಮ್ಮ. ರಿವರ್ಸ್ ಕ್ಯಾಮೆರಾ ಹತ್ತಿರದ ನೆಲ ತೋರಿಸಲು ಬಗ್ಗಿಸಿದ್ದು, ದೂರದ ಗಾಡಿ ಅದರಲ್ಲಿ ಇರುವುದಕ್ಕಿಂತ ತುಂಬಾ ದೂರ ಕಾಣುತ್ತದೆ. ಅದನ್ನು ನಂಬಿ ಲೇನ್ ಬದಲಿಸಿದರೆ ಅಪಾಯ. ಕನ್ನಡಿಯೇ ನೋಡಿ.

ನೀರ್ಚಾಲು ತೋಟದವ

ರೀಪು ಇಟ್ಟು ಟೇಪು ಅಂಟಿಸಿ ಆಯಿತು. ಏರಿನಲ್ಲಿ ಕ್ಯಾಮೆರಾದ ಹಳದಿ ಗೆರೆ ಇರುವಲ್ಲೇ ನಮ್ಮ 1 ಮೀಟರಿನ ಕೆಂಪು ಟೇಪು ಬಂತು, ಅಷ್ಟು ವ್ಯತ್ಯಾಸ. ಗೆರೆಯ ಬಳೆ ಕತ್ತರಿಸಿದೆವು, ಈಗ ಟೇಪು ಮಾತ್ರ. ಮಕ್ಕಳು ಬಂದಾಗ ಕಾರು ತೆಗೆಯುವ ಮೊದಲು ಅವರನ್ನು ಜಗಲಿಗೆ ಕರೆಯುವುದು ಅಂತಲೂ ಮನೆಯಲ್ಲಿ ಹೇಳಿಟ್ಟಿದ್ದೇನೆ.

ಇನ್ನೊಂದೇ ಪ್ರಶ್ನೆ. ಮಳೆ ಶುರುವಾಗುವ ಮೊದಲು ಪ್ಲಗ್ಗುಗಳಿಗೆ ಹಚ್ಚಲು ಯಾವ ಗ್ರೀಸ್ ತರಲಿ? ಬೇರಿಂಗಿಗೆ ಹಾಕುವುದು ಮನೆಯಲ್ಲಿ ಉಂಟು. ಮತ್ತೆ ಶೆಡ್ಡಿನಲ್ಲಿ ಇಲಿ ಕಾಟ ಜಾಸ್ತಿ, ವಯರ್ ಕಡಿದರೆ?

ಹೊಸಂಗಡಿ ಎಲೆಕ್ಟ್ರಿಕ್

ಬೇರಿಂಗ್ ಗ್ರೀಸ್ ಪ್ಲಗ್ಗಿಗೆ ಬೇಡ, ಅದು ರಬ್ಬರನ್ನು ಉಬ್ಬಿಸಬಹುದು. ಸಿಲಿಕಾನ್ ಗ್ರೀಸ್ ಅಂತ ಕೇಳಿ, ಸಣ್ಣ ಟ್ಯೂಬಿನಲ್ಲಿ ಸ್ಪೇರ್ ಪಾರ್ಟ್ಸ್ ಅಂಗಡಿಯಲ್ಲಿ ಸಿಗುತ್ತದೆ. ಪ್ಲಗ್ಗಿನ ಸುತ್ತ ತೆಳ್ಳಗೆ ಸವರಿ ಒತ್ತಿದರೆ ಸಾಕು. ಇಲಿಗೆ, ವಯರ್ ಹೊರಗೆ ಕಾಣುವಲ್ಲೆಲ್ಲ ಸುಕ್ಕುಸುಕ್ಕಾದ ಕಪ್ಪು ಪ್ಲಾಸ್ಟಿಕ್ ಕೊಳವೆ ಹಾಕಿ, ಮೀಟರ್ ಲೆಕ್ಕದಲ್ಲಿ ಕೊಡುತ್ತಾರೆ. ಡಿಕ್ಕಿಯಲ್ಲಿ ಗೋಣಿ, ಅಡಿಕೆ ಏನೂ ಬಿಡಬೇಡಿ, ಇಲಿ ಬರುವುದು ಅದಕ್ಕೇ. ಬಾಗಿಲ ರಬ್ಬರ್ ಪೈಪಿನ ಎರಡೂ ತುದಿ ಸರಿಯಾಗಿ ಕೂತಿದೆಯಾ ಅಂತ ಇನ್ನೊಮ್ಮೆ ಬೆರಳು ಆಡಿಸಿ ನೋಡಿ, ಅಂಗಡಿಯಲ್ಲಿ ಹೆಚ್ಚಾಗಿ ಅರ್ಧ ಕೂರಿಸಿ ಬಿಟ್ಟಿರುತ್ತಾರೆ.